11 ಬಾಟಲಿ, ಎರಡೇ ಎಣ್ಣಿ: ಬೀದರ್ ಕಡೆಯ ಒಂದು ಮಾವಿನ ತೋಟದ ಪ್ರಕರಣ

ಬೀದರ್ ಜಿಲ್ಲೆಯ ಕೆಂಪು ಮಣ್ಣಿನ ಭಾಗದಲ್ಲಿ ಒಂದು ಮಾವಿನ ತೋಟ. ಎಷ್ಟು ಎಣ್ಣಿ (ಕೀಟನಾಶಕಕ್ಕೆ ನಮ್ಮ ಕಡೆ ಹೀಗೇ ಅನ್ನುತ್ತಾರೆ) ಹೊಡೆದರೂ ಹೂವಿನ ರಸ ಹೀರುವ ಜಿಗಿಹುಳು ಅಲ್ಲಿ ಸಾಯುತ್ತಿರಲಿಲ್ಲ. ಮೂರು ಹಂಗಾಮು ನಾನು ಕಂಡದ್ದನ್ನು ಇಲ್ಲಿ ಬರೆಯುತ್ತಿದ್ದೇನೆ. ಊರಿನ ಹೆಸರು ಹೇಳುವುದಿಲ್ಲ. ಗುರುತು ಸಿಗಬಾರದೆಂದು ಒಂದೆರಡು ವಿವರ ಬದಲಿಸಿದ್ದೇನೆ. ತೋಟದ ಮಾಲೀಕರನ್ನು ಊರವರೆಲ್ಲ ಕರೆಯುವ ಹಾಗೆ ಕಾಕಾ ಅಂತಲೇ ಕರೆಯುತ್ತೇನೆ. ಬರೆಯಲು ಒಪ್ಪಿಗೆ ಕೊಟ್ಟವರು ಅವರೇ. ನನ್ನ ಹಂಗ ಇನ್ನೊಬ್ಬ ಮೂರು ವರ್ಷ ಹಾಳು ಮಾಡ್ಕೋಬಾರದು ಅನ್ನುವುದು ಅವರ ಮಾತು.

ತೋಟ 6 ಎಕರೆ, ಮರಗಳು ಸುಮಾರು 240. ಹೆಚ್ಚಿನವು ಬೇನಿಶಾನ್, ಒಂದಿಷ್ಟು ಕೇಸರ್, ಬದುವಿನ ಕಡೆ ನಾಲ್ಕೈದು ದಶೇರಿ. ಕಾಕಾ ಅವರ ತಂದೆ 30 ವರ್ಷದ ಹಿಂದೆ ಹಚ್ಚಿದ ಗಿಡಗಳು. ಆಗ 10 ಮೀಟರ್ ಅಂತರ ಬಿಟ್ಟಿದ್ದರು. ನಾನು ಮೊದಲ ಸಲ ಹೋದಾಗ ಒಂದು ಮರದ ಕೊಂಬೆ ಇನ್ನೊಂದರ ಒಳಗೆ ಹೊಕ್ಕಿತ್ತು. ಮಧ್ಯಾಹ್ನ 12 ಗಂಟೆಗೂ ಒಳಗೆ ಬಿಸಿಲು ಬೀಳುತ್ತಿರಲಿಲ್ಲ.

ಇದಕ್ಕೂ ಮುಖ್ಯವಾದ ಒಂದು ಹಿನ್ನೆಲೆ ಇದೆ. ಹನ್ನೆರಡು ವರ್ಷ ಈ ತೋಟ ಗುತ್ತಿಗೆಗೆ ಹೋಗುತ್ತಿತ್ತು. ನಮ್ಮ ಕಡೆ ಇದು ಹೊಸದೇನಲ್ಲ. ಹೂವು ಕಂಡ ಕೂಡಲೇ ವ್ಯಾಪಾರಿ ಬರುತ್ತಾನೆ, ಮರ ನೋಡಿ ಒಂದು ಮೊತ್ತ ಹೇಳುತ್ತಾನೆ, ಮುಂಗಡ ಕೊಡುತ್ತಾನೆ. ಅಲ್ಲಿಂದ ಕೊಯ್ಲಿನವರೆಗೆ ಕಾವಲು ಅವನದು, ಎಣ್ಣಿ ಹೊಡೆಯುವುದೂ ಅವನದು. ಹಣ್ಣು ಹೈದರಾಬಾದ್ ಮಾರುಕಟ್ಟೆಗೆ ಹೋದ ಮೇಲೆ ಅವನಿಗೂ ಆ ಮರಕ್ಕೂ ಸಂಬಂಧ ಮುಗಿಯಿತು. ಮುಂದಿನ ವರ್ಷ ಬೇರೆಯವನು ಬರಬಹುದು. ಈ ವ್ಯವಸ್ಥೆಯಲ್ಲಿ ಯಾರೂ ಕೆಟ್ಟವರಲ್ಲ. ಆದರೆ ಎಣ್ಣಿ ಆರಿಸುವ ಕೈಗೆ ನಾಲ್ಕು ತಿಂಗಳ ಲೆಕ್ಕ ಮಾತ್ರ ಇರುತ್ತದೆ, ಮರ ಮಾತ್ರ ನಲವತ್ತು ವರ್ಷ ಅಲ್ಲೇ ನಿಂತಿರುತ್ತದೆ. ಹುಳು ಕೂಡ.

ಕೊನೆಯ ವ್ಯಾಪಾರಿ ಹಂಗಾಮಿನ ನಡುವೆಯೇ ಕೈಬಿಟ್ಟು ಹೋದ. ಕಾಯಿ ನಿಂತಿರಲಿಲ್ಲ, ಬಾಕಿ ಹಣ ಕೊಡಲಿಲ್ಲ. ಮುಂದಿನ ವರ್ಷ ಕಾಕಾ ಮತ್ತು ಅವರ ಹಿರಿ ಮಗ ತೋಟವನ್ನು ತಾವೇ ಇಟ್ಟುಕೊಂಡರು. ನನಗೆ ಫೋನ್ ಬಂದದ್ದು ಆ ವರ್ಷದ ಜನವರಿಯಲ್ಲಿ.

"ತಮ್ಮಾ, ಎಣ್ಣಿ ಹೊಡ್ದು ಹೊಡ್ದು ಕೈ ನೋಯ್ಲತ್ತಾವ. ಹುಳ ಮಾತ್ರ ಕುಣಿಲತ್ತದ."

ಹೋಗಿ ನೋಡಿದೆ. ಹೂಗೊಂಚಲಿಗೆ ಕೈ ತಾಗಿಸಿದರೆ ಸಾಕು, ಹುಳು ಚಿಮ್ಮಿ ಮುಖಕ್ಕೆ ಬಡಿಯುತ್ತಿತ್ತು. ಎಲೆಗಳ ನಡುವೆ ಟಿಕ್ ಟಿಕ್ ಸದ್ದು. ಜಿಗಿಹುಳು ಜಾಸ್ತಿಯಾದಾಗ ಈ ಸದ್ದು ಕೇಳುತ್ತದೆ, ಒಮ್ಮೆ ಕೇಳಿದವರು ಮರೆಯುವುದಿಲ್ಲ. ಕೆಳಗಿನ ಎಲೆಗಳೆಲ್ಲ ಅಂಟು, ಅಂಟಿನ ಮೇಲೆ ಕಪ್ಪು ಮಸಿ. ಜಿಗಿಯುವುದಕ್ಕೆ ಅದು ಜಿಗಿಹುಳು. ಅದು ಸುರಿಸುವ ಅಂಟಿಗೂ ನಮ್ಮ ಕಡೆ ಜಿಗಿ ಅಂತಲೇ ಹೇಳುತ್ತಾರೆ. ಹತ್ತು ಮರ ಆರಿಸಿ, ಮರಕ್ಕೆ ನಾಲ್ಕು ದಿಕ್ಕಿನಿಂದ ನಾಲ್ಕು ಗೊಂಚಲು ಎಣಿಸಿದೆವು. ಸರಾಸರಿ 14 ಹುಳು. ಗೊಂಚಲಿಗೆ 5ರ ಆಸುಪಾಸು ಬಂದರೆ ಕ್ರಮ ತೆಗೆದುಕೊಳ್ಳಿ ಅಂತ ಸಾಮಾನ್ಯವಾಗಿ ಹೇಳುತ್ತಾರೆ. ಡಿಸೆಂಬರ್‌ನಿಂದ ಆ ದಿನದವರೆಗೆ ಅವರು ಮೂರು ಸಲ ಹೊಡೆದಾಗಿತ್ತು!

ಮೂರು ಸಲ ಏನು ಹೊಡೆದಿರಿ ಅಂತ ಕೇಳಿದೆ. "ಪ್ರತಿ ಸಲ ಬದಲಿ ಮಾಡೀವಿ ಸರ್, ಒಂದೇ ಎಣ್ಣಿ ಹೊಡಿಬಾರದಂತ ನಮಗೂ ಗೊತ್ತದ" ಅಂದ ಮಗ. ಪಂಪಿನ ಕೋಣೆಯಲ್ಲಿ ಒಂದು ಗೊಬ್ಬರದ ಚೀಲ ಇತ್ತು. ವ್ಯಾಪಾರಿ ಬಿಟ್ಟು ಹೋದ ಖಾಲಿ ಡಬ್ಬಿಗಳು, ಇವರದ್ದು ಮೂರು, ಎಲ್ಲ ಅದರಲ್ಲೇ. ಕೈಗವಸು ಹಾಕಿಕೊಂಡು ಅಂಗಳದಲ್ಲಿ ಸಾಲಾಗಿ ಇಟ್ಟೆವು. ಒಟ್ಟು 11. ಹನ್ನೊಂದಕ್ಕೂ ಬೇರೆ ಬೇರೆ ಹೆಸರು, ಬೇರೆ ಬೇರೆ ಕಂಪನಿ, ಬೇರೆ ಬಣ್ಣ.

ಆಮೇಲೆ ದೊಡ್ಡಕ್ಷರದ ಹೆಸರನ್ನು ಬಿಟ್ಟು, ಕೆಳಗೆ ಸಣ್ಣ ಅಕ್ಷರದಲ್ಲಿರುವ ಟೆಕ್ನಿಕಲ್ ಹೆಸರನ್ನು, ಅಂದರೆ ಒಳಗಿರುವ ವಿಷದ ಹೆಸರನ್ನು, ಒಂದೊಂದಾಗಿ ಓದಿದೆವು. ಮಗ ಓದಿದ, ನಾನು ಡಬ್ಬಿ ಬೇರೆ ಮಾಡುತ್ತಾ ಹೋದೆ. ಹೆಸರಿನ ಮುಂದಿನ ಸಂಖ್ಯೆ ವಿಷ ಶೇಕಡಾ ಎಷ್ಟಿದೆ ಅಂತ ಹೇಳುತ್ತದೆ, ಅಕ್ಷರ ಅದು ದ್ರವವೋ ಹರಳೋ ಅಂತ. ಇಮಿಡಾಕ್ಲೋಪ್ರಿಡ್ 17.8 ಎಸ್ಎಲ್, ನಾಲ್ಕು. ಅದೇ ಇಮಿಡಾಕ್ಲೋಪ್ರಿಡ್ 70 ಡಬ್ಲ್ಯುಜಿ, ಹರಳಿನ ರೂಪದ್ದು, ಒಂದು. ಥಯಾಮೆಥಾಕ್ಸಾಮ್ 25 ಡಬ್ಲ್ಯುಜಿ, ಎರಡು. ಅಸೆಟಾಮಿಪ್ರಿಡ್, ಒಂದು. ಥಯಾಮೆಥಾಕ್ಸಾಮ್ ಜೊತೆ ಲ್ಯಾಂಬ್ಡಾ ಸೈಹಲೋಥ್ರಿನ್ ಸೇರಿಸಿದ್ದು, ಎರಡು. ಬರೀ ಲ್ಯಾಂಬ್ಡಾ ಸೈಹಲೋಥ್ರಿನ್, ಒಂದು.

ಇಮಿಡಾಕ್ಲೋಪ್ರಿಡ್, ಥಯಾಮೆಥಾಕ್ಸಾಮ್, ಅಸೆಟಾಮಿಪ್ರಿಡ್ ಮೂರೂ ನಿಯೋನಿಕೋಟಿನಾಯ್ಡ್ ಗುಂಪಿನವು. ಹುಳುವಿನ ನರದಲ್ಲಿ ಮೂರೂ ಒಂದೇ ಜಾಗಕ್ಕೆ ಹೋಗಿ ಕೂರುತ್ತವೆ. ಕೀಟನಾಶಕಗಳನ್ನು ಕೆಲಸ ಮಾಡುವ ರೀತಿಯ ಮೇಲೆ ವಿಂಗಡಿಸುವ ಐಆರ್‌ಎಸಿ ಪಟ್ಟಿಯಲ್ಲಿ ಮೂರಕ್ಕೂ ಒಂದೇ ಸಂಖ್ಯೆ, 4ಎ. ಲ್ಯಾಂಬ್ಡಾ ಸೈಹಲೋಥ್ರಿನ್ ಪೈರೆಥ್ರಾಯ್ಡ್, ಅದು 3ಎ. ಅಂದರೆ 11 ಡಬ್ಬಿಯಲ್ಲಿ 10ರ ಒಳಗೆ 4ಎ ಇತ್ತು. ಹನ್ನೊಂದೂ ಸೇರಿ ಗುಂಪು ಎರಡೇ.

ಕಾಕಾ ಸ್ವಲ್ಪ ಹೊತ್ತು ಮಾತಾಡಲಿಲ್ಲ. ಆಮೇಲೆ ಲೇಬಲ್ ಮೇಲಿನ ಬಣ್ಣದ ಗುರುತನ್ನು ತೋರಿಸಿ, "ಇದರಾಗ ಹಳದಿ ಅದ, ಅದರಾಗ ನೀಲಿ ಅದ. ಬಣ್ಣ ಬ್ಯಾರೆ ಅಂದ್ರ ಎಣ್ಣಿ ಬ್ಯಾರೆ ಅಂದ್ಕೊಂಡಿದ್ದೆ" ಅಂದರು. ಈ ತಪ್ಪು ತಿಳಿವಳಿಕೆ ನಾನು ಎಷ್ಟೋ ತೋಟಗಳಲ್ಲಿ ಕಂಡಿದ್ದೇನೆ. ಕೆಂಪು, ಹಳದಿ, ನೀಲಿ, ಹಸಿರು ಗುರುತುಗಳು ಆ ಔಷಧಿ ಮನುಷ್ಯನಿಗೆ ಎಷ್ಟು ವಿಷ ಅನ್ನುವುದನ್ನು ಹೇಳುತ್ತವೆ. ಹುಳುವನ್ನು ಯಾವ ರೀತಿ ಕೊಲ್ಲುತ್ತದೆ ಅಂತ ಹೇಳುವುದಿಲ್ಲ. ಅದನ್ನು ತಿಳಿಯಲು ಟೆಕ್ನಿಕಲ್ ಹೆಸರನ್ನೇ ಓದಬೇಕು. ಕೆಲವು ಲೇಬಲ್‌ಗಳ ಮೇಲೆ ಗುಂಪಿನ ಸಂಖ್ಯೆಯೂ ಇರುತ್ತದೆ.

ಇಲ್ಲಿಗೆ ತೀರ್ಮಾನ ಮಾಡಿಬಿಡಬಹುದಿತ್ತು, ಹುಳುವಿಗೆ ನಿರೋಧಕ ಶಕ್ತಿ ಬಂದಿದೆ ಅಂತ. ನಾನು ಅವಸರ ಮಾಡಲಿಲ್ಲ. ಎಣ್ಣಿ ನಾಟದಿರಲು ಬೇರೆ ಕಾರಣಗಳೂ ಇರುತ್ತವೆ. ಔಷಧಿ ನಕಲಿ ಇರಬಹುದು. ಬೋರಿನ ನೀರು ಸರಿ ಇಲ್ಲದಿರಬಹುದು. ಸಿಂಪಡಣೆ ಹುಳುವಿನವರೆಗೆ ಮುಟ್ಟದೇ ಇರಬಹುದು. ಪಕ್ಕದ ತೋಟದಿಂದ ಹುಳು ಮತ್ತೆ ಬರುತ್ತಿರಬಹುದು. ಇವನ್ನು ಬಿಟ್ಟು ನಿರೋಧಕ ಶಕ್ತಿ ಅಂದುಬಿಟ್ಟರೆ ರೈತ ಸುಮ್ನೆ ದುಬಾರಿ ಎಣ್ಣಿಯ ಹಿಂದೆ ಓಡುತ್ತಾನೆ. ಅದಕ್ಕೇ ನಾಲ್ಕು ದಿನ ಏನೂ ಹೊಡೆಯಬೇಡಿ ಅಂದೆ. ಹೂವು ಬಿಟ್ಟ ತೋಟದಲ್ಲಿ ಈ ಮಾತು ಹೇಳುವುದೂ ಕಷ್ಟ, ಕೇಳುವುದೂ ಕಷ್ಟ. ಮಗನಿಗೆ ಸಿಟ್ಟು ಬಂತು. ಕಾಕಾ ಒಪ್ಪಿದರು.

ನೀರು ನೋಡಿದೆವು, ಅದರಲ್ಲಿ ತೊಂದರೆ ಇರಲಿಲ್ಲ. ಸಿಂಪಡಣೆ ನೋಡಲು ಒಂದು ಸರಳ ಉಪಾಯ ಮಾಡಿದೆವು. ಹಳೆ ಕ್ಯಾಲೆಂಡರಿನ ಹಾಳೆ ಕತ್ತರಿಸಿ, ಬಿಳಿ ಬದಿ ಹೊರಗೆ ಬರುವಂತೆ, ಮರದ ಕೆಳಗೆ, ನಡುವೆ, ತುದಿಯಲ್ಲಿ ಕಟ್ಟಿದೆವು. ಡ್ರಮ್ಮಿನ ನೀರಿಗೆ ಬಟ್ಟೆಗೆ ಹಾಕುವ ನೀಲಿ ಕಲಸಿ, ಆಳಿಗೆ ದಿನದ ಹಾಗೆಯೇ ಹೊಡಿ ಅಂದೆವು. ಕೆಳಗಿನ ಹಾಳೆಯಿಂದ ನೀಲಿ ತೊಟ್ಟಿಕ್ಕುತ್ತಿತ್ತು. ನಡುವಿನದಕ್ಕೆ ಅಲ್ಲಲ್ಲಿ ಚುಕ್ಕಿ. ತುದಿಯ ಹಾಳೆ ಹೆಚ್ಚುಕಡಿಮೆ ಬೆಳ್ಳಗೆ ಉಳಿದಿತ್ತು. ಗೊಂಚಲು ಜಾಸ್ತಿ ಇದ್ದದ್ದು ತುದಿಯಲ್ಲೇ.

ಇನ್ನು ನಿರೋಧಕ ಶಕ್ತಿಯ ಮಾತು. ಬೀದರಿನ ಜನವರಿ ಚಳಿಗೆ ಬೆಳಗಿನ ಹೊತ್ತು ಹುಳು ಮಂದವಾಗಿರುತ್ತದೆ, ಹಿಡಿಯಬಹುದು. ಆರು ಕೊಂಬೆಗಳಿಗೆ ಸೊಳ್ಳೆ ಪರದೆಯ ಚೀಲ ಹೊಲಿಸಿಕೊಂಡೆವು. ಮೂರು ಕೊಂಬೆಗೆ ಬೇರೆ ಅಂಗಡಿಯಿಂದ ಬಿಲ್ ಸಮೇತ ತಂದ ಇಮಿಡಾಕ್ಲೋಪ್ರಿಡ್ 17.8 ಎಸ್ಎಲ್, ಲೀಟರ್‌ಗೆ 0.3 ಮಿ.ಲೀ. ಕಲಸಿ, ಎಲೆಯ ಎರಡೂ ಬದಿ ತೊಯ್ಯುವಂತೆ ಕೈಯಾರೆ ಹೊಡೆದೆವು. ಉಳಿದ ಮೂರಕ್ಕೆ ಬರೀ ನೀರು. ಒಣಗಿದ ಮೇಲೆ ಪ್ರತಿ ಚೀಲಕ್ಕೆ 20 ದೊಡ್ಡ ಹುಳು ಬಿಟ್ಟು ಬಾಯಿ ಕಟ್ಟಿದೆವು. ಎರಡು ದಿನದ ಮೇಲೆ ಬಿಚ್ಚಿ ಎಣಿಸಿದಾಗ ನೀರು ಹೊಡೆದ ಚೀಲಗಳಲ್ಲಿ 60ಕ್ಕೆ 54 ಬದುಕಿದ್ದವು. ಎಣ್ಣಿ ಹೊಡೆದ ಚೀಲಗಳಲ್ಲಿ 60ಕ್ಕೆ 37.

ನಿರೋಧಕ ಶಕ್ತಿ ಎಷ್ಟು ಪಟ್ಟು ಅಂತ ಅಳೆಯಬೇಕಾದರೆ ಪ್ರಯೋಗಾಲಯದಲ್ಲಿ ಹಲವು ಪ್ರಮಾಣಗಳಲ್ಲಿ ಪರೀಕ್ಷಿಸಬೇಕು. ಪರದೆ ಚೀಲ ಅಷ್ಟು ಹೇಳಲಾರದು. ಆದರೆ ಔಷಧಿ ಅಸಲಿ, ಹೊಡೆದದ್ದು ಸರಿ, ಹೊರಗಿಂದ ಹುಳು ಬರುವ ದಾರಿ ಇಲ್ಲ. ಆದರೂ ಅರ್ಧಕ್ಕಿಂತ ಜಾಸ್ತಿ ಹುಳು ಬದುಕಿವೆ. ಈ ತೋಟದಲ್ಲಿ ನಾಲ್ಕನೇ ಸಲವೂ 4ಎ ಹೊಡೆಯುವುದು ವ್ಯರ್ಥ ಅಂತ ಹೇಳಲು ಇಷ್ಟು ಸಾಕು.

"ಹುಳ ಎಣ್ಣಿಗೆ ಒಗ್ಗಿಬಿಟ್ಟದ ಅನ್ನು" ಅಂದರು ಕಾಕಾ. ಈ ಮಾತನ್ನು ನಾನು ಅಲ್ಲೇ ತಡೆದೆ, ಯಾಕೆಂದರೆ ತಪ್ಪು ಇಲ್ಲಿಂದಲೇ ಶುರುವಾಗುತ್ತದೆ. ಸಾರಾಯಿಗೆ ಮನುಷ್ಯ ಒಗ್ಗಿದ ಹಾಗೆ ಒಂದು ಹುಳು ವಿಷಕ್ಕೆ ಒಗ್ಗುವುದಿಲ್ಲ. ಸಾವಿರಾರು ಹುಳುವಿನಲ್ಲಿ ಕೆಲವೇ ಕೆಲವು ಹುಟ್ಟುತ್ತಲೇ ಬೇರೆ ಥರ ಇರುತ್ತವೆ. ವಿಷವನ್ನು ಮೈಯೊಳಗೆ ಬೇಗ ಒಡೆದುಹಾಕುವ ಶಕ್ತಿ ಅವಕ್ಕೆ ಇರುತ್ತದೆ, ಇಲ್ಲವೇ ವಿಷ ಕೂರುವ ಜಾಗವೇ ಸ್ವಲ್ಪ ಬೇರೆ ಇರುತ್ತದೆ. ಎಣ್ಣಿ ಹೊಡೆದಾಗ ಮಿಕ್ಕವು ಸಾಯುತ್ತವೆ, ಇವು ಉಳಿದು ಮರಿ ಮಾಡುತ್ತವೆ. ಅದೇ ಗುಂಪಿನ ಎಣ್ಣಿ ಮತ್ತೆ ಹೊಡೆದರೆ ಮತ್ತೆ ಅದೇ ಜರಡಿ. ಒಗ್ಗಿದೆ ಅಂದುಕೊಂಡವರು ಡೋಸ್ ಜಾಸ್ತಿ ಮಾಡುತ್ತಾರೆ. ಇವರು ಲೀಟರ್‌ಗೆ 0.3ರ ಬದಲು 1 ಮಿ.ಲೀ. ಹಾಕುತ್ತಿದ್ದರು. ಅದರಿಂದ ಜರಡಿಯ ಕಣ್ಣು ಇನ್ನೂ ಸಣ್ಣದಾಯಿತು, ಅಷ್ಟೇ. ಅದನ್ನೂ ದಾಟಿ ಬಂದವು ಇನ್ನೂ ಗಟ್ಟಿ.

ಆಗ ಕಾಕಾ ತಾವೇ ತೊಗರಿಯ ಮಾತು ತೆಗೆದರು. 1990ರ ದಶಕದ ಕೊನೆಯಲ್ಲಿ ಕಲಬುರಗಿ ಸೀಮೆಯ ತೊಗರಿಯಲ್ಲಿ ಕಾಯಿಕೊರಕ ಯಾವ ಎಣ್ಣಿಗೂ ಜಗ್ಗದಿದ್ದಾಗ, ರೈತರು ಗಿಡ ಅಲುಗಿಸಿ ಕೀಡಿಯನ್ನು ಹಾಸಿದ ಬಟ್ಟೆಯ ಮೇಲೆ ಬೀಳಿಸಿ ಆರಿಸಿದ್ದರು. "ಅದು ಇದೇ ಏನು?" ಅಂದರು. ಇದೇ, ಕಾಕಾ. ಹಣ್ಣಿನ ತೋಟಕ್ಕಂತೂ ಈ ಕಥೆ ಬಹಳ ಹಳೆಯದು. ಕೀಟ ಔಷಧಿಗೆ ಜಗ್ಗುತ್ತಿಲ್ಲ ಅಂತ ಮೊದಲು ಬರೆದಿಟ್ಟವರು ಅಮೆರಿಕದ ಮೆಲಾಂಡರ್, 1914ರಲ್ಲಿ. ಅದೂ ವಾಷಿಂಗ್ಟನ್ ರಾಜ್ಯದ ಹಣ್ಣಿನ ತೋಟಗಳಲ್ಲಿ, ಸ್ಯಾನ್ ಹೋಸೆ ಶಲ್ಕ ಕೀಟದ ಮೇಲೆ ಸುಣ್ಣ ಗಂಧಕ ಹೊಡೆದಾಗ. ಕಾಕಾ ಅವರ ತಂದೆ ಜಿಗಿಹುಳುವಿಗೆ ಕಾರ್ಬರಿಲ್ ಪುಡಿ ಬಳಸುತ್ತಿದ್ದರು. 2018ರಲ್ಲಿ ನಮ್ಮ ದೇಶದಲ್ಲಿ ಅದು ನಿಷೇಧವಾಯಿತು. ಇರುವ ಔಷಧಿಗಳ ಪಟ್ಟಿ ಹೀಗೆ ಒಂದು ಕಡೆಯಿಂದ ಸವೆಯುತ್ತದೆ. ಇನ್ನೊಂದು ಕಡೆಯಿಂದ ನಾವೇ ಸವೆಸಿದರೆ ಉಳಿಯುವುದೇನು?

ಆರಿಸಿಕೊಂಡದ್ದು ಬುಪ್ರೊಫೆಝಿನ್ 25 ಎಸ್‌ಸಿ, ಲೀಟರ್‌ಗೆ 1.25 ಮಿ.ಲೀ. ಇದರ ಗುಂಪು 16. ನರದ ತಂಟೆಗೇ ಹೋಗುವುದಿಲ್ಲ. ಮರಿಹುಳು ಪೊರೆ ಕಳಚಿ ಹೊಸ ಚರ್ಮ ಮಾಡಿಕೊಳ್ಳುವಾಗ ಅದನ್ನು ತಡೆಯುತ್ತದೆ. ಹಾಗಾಗಿ ದೊಡ್ಡ ಹುಳು ಇದರಿಂದ ಸಾಯುವುದಿಲ್ಲ. ಇದನ್ನು ಮೊದಲೇ ಹೇಳಿದ್ದೆ, ಎರಡು ಸಲ ಹೇಳಿದ್ದೆ. ಹೊಡೆಯುವ ಮುಂಚೆ ಒಳಗೆ ನುಗ್ಗಿ ಕೆಲವು ಸಣ್ಣ ಕೊಂಬೆ ತೆಗೆದೆವು, ಗನ್ನಿಗೆ ಉದ್ದ ಕೋಲು ಕಟ್ಟಿದೆವು, ಒಬ್ಬ ಆಳು ಟ್ರಾಲಿ ಮೇಲೆ ನಿಂತು ಮೇಲಿನಿಂದ ಹೊಡೆದ. ಟಾನಿಕ್ ಬೇಡ, ಬೇರೆ ಪುಡಿ ಬೇಡ, ಡ್ರಮ್ಮಿಗೆ ಒಂದೇ ಔಷಧಿ.

ಮೂರನೇ ದಿನ ಬೆಳಗ್ಗೆ ಮಗನ ಫೋನ್. "ಸರ್, ಒಂದೂ ಸತ್ತಿಲ್ಲ. ಹಂಗೇ ಜಿಗಿಲತ್ತಾವ. ನಾ ಅಂಗಡಿಗೆ ಹೋಗಿ ಬಂದೀನಿ, ಸಂಜಿಗಿ ಹೊಡಿತೀವಿ." ಅಂಗಡಿಯವರು ಕೊಟ್ಟದ್ದು ಏನು ಅಂತ ಕೇಳಿದರೆ, ಮತ್ತೆ ಥಯಾಮೆಥಾಕ್ಸಾಮ್ ಮಿಶ್ರಣ.

ಈ ಪ್ರಕರಣದಲ್ಲಿ ಎಲ್ಲ ತಿರುಗಿದ್ದು ಆ ದಿನ ಅಂತ ನನಗೆ ಅನಿಸುತ್ತದೆ. ನಾನು ತೋಟಕ್ಕೆ ಹೊರಟು ಹೋದೆ. ಕೈಯಲ್ಲಿ ಹತ್ತು ಪಟ್ಟು ದೊಡ್ಡದಾಗಿ ತೋರಿಸುವ ಭೂತಗನ್ನಡಿ ಇತ್ತು. ಒಂದು ಗೊಂಚಲು ಮುರಿದು ಬಿಳಿ ಹಾಳೆಯ ಮೇಲೆ ಕೊಡವಿದೆವು. ಮಗ ನೋಡಿದ. ಮರಿಹುಳುಗಳು ಹಳೆ ಪೊರೆಯಿಂದ ಅರ್ಧ ಹೊರಬಂದು ಹಾಗೇ ಸಿಕ್ಕಿಕೊಂಡಿದ್ದವು. ಕೆಲವು ಸತ್ತು ಕಂದಾಗಿದ್ದವು. ಅವನು ಮರದಿಂದ ಮರಕ್ಕೆ ಹೋಗಿ ಎಂಟು ಹತ್ತು ಗೊಂಚಲು ಕೊಡವಿ ನೋಡಿದ. ತಂದ ಬಾಟಲಿಯ ಮುಚ್ಚಳ ತೆಗೆಯದೇ ಸಂಜೆ ಅಂಗಡಿಗೆ ವಾಪಸ್ ಕೊಟ್ಟು ಬಂದ. ಹನ್ನೆರಡನೇ ದಿನ ಎಣಿಸಿದಾಗ ಗೊಂಚಲಿಗೆ ಸರಾಸರಿ 4. ಆಗಲೇ ಇದ್ದ ದೊಡ್ಡ ಹುಳುಗಳು ವಯಸ್ಸಾಗಿ ಕಡಿಮೆಯಾದವು, ಅವುಗಳ ಜಾಗ ತುಂಬಲು ಮರಿಗಳು ಬರಲಿಲ್ಲ.

ಹೊಸ ಗುಂಪಿನ ಔಷಧಿ ಕೆಲಸ ಮಾಡುವ ವೇಗವೂ ಹೊಸದಾಗಿರುತ್ತದೆ. ಹೊಡೆದ ಮರುದಿನ ಹುಳು ಉದುರಬೇಕು ಅನ್ನುವ ನಿರೀಕ್ಷೆ ನರದ ವಿಷಗಳಿಂದ ಬಂದದ್ದು. ಯಾವ ದಿನ ಏನು ನೋಡಬೇಕು ಅಂತ ಹೇಳದೆ ಔಷಧಿ ಬರೆದುಕೊಟ್ಟರೆ ಅರ್ಧ ಸಲಹೆ ಕೊಟ್ಟ ಹಾಗೆ. ಫೋನಿನಲ್ಲೇ ಸಮಾಧಾನ ಹೇಳಿ ಬಿಟ್ಟಿದ್ದರೆ ಆ ಸಂಜೆ ಪಂಪು ಓಡುತ್ತಿತ್ತು.

ಮೊದಲ ವರ್ಷ ಗೆದ್ದೆವು ಅಂತ ಬರೆಯಲು ಬರುವುದಿಲ್ಲ. ಹೂವು ಆಗಲೇ ಸಾಕಷ್ಟು ಹಾಳಾಗಿತ್ತು, ಫಸಲು ಅರ್ಧ ಬಂತು. ಮೇಲೆ ನನ್ನದೊಂದು ತಪ್ಪು. ಜಿಗಿಹುಳುವಿನ ಚಿಂತೆಯಲ್ಲಿ ಹಣ್ಣಿನ ನೊಣದ ಕಡೆ ನೋಡಲಿಲ್ಲ. ಮೊದಲೆಲ್ಲ ಮೇಲಿಂದ ಮೇಲೆ ಹೊಡೆಯುತ್ತಿದ್ದ ಎಣ್ಣಿಯಲ್ಲಿ ನೊಣವೂ ಒಂದಿಷ್ಟು ಸಾಯುತ್ತಿತ್ತು. ಎಣ್ಣಿ ಕಡಿಮೆ ಮಾಡಿದ ವರ್ಷ, ಗಂಡು ನೊಣವನ್ನು ವಾಸನೆಯಿಂದ ಸೆಳೆಯುವ ಮೀಥೈಲ್ ಯುಜಿನಾಲ್ ಬಲೆಗಳನ್ನು ಕಾಯಿ ಬಲಿಯುವ ಮುಂಚೆಯೇ ಕಟ್ಟಿಸಬೇಕಿತ್ತು. ನಾನು ಹೇಳಿದ್ದು ಮೇ ತಿಂಗಳಲ್ಲಿ. ಬೇನಿಶಾನ್ ಹಣ್ಣು ಕೊಯ್ದರೆ ಒಳಗೆ ಹುಳು. ಆ ನಷ್ಟ ಕಾಕಾ ಹೊತ್ತರು, ನನಗೆ ಒಂದು ಮಾತೂ ಅನ್ನಲಿಲ್ಲ.

ಎರಡನೇ ವರ್ಷದ ಕೆಲಸ ಕೊಯ್ಲು ಮುಗಿದ ಜೂನ್‌ನಲ್ಲೇ ಶುರುವಾಯಿತು. ಪ್ರತಿ ಮರದ ನಡುವಿನ ಒಂದೆರಡು ದಪ್ಪ ಕೊಂಬೆ ತೆಗೆಸಿದೆವು. ಅಪ್ಪ ಹಚ್ಚಿದ ಗಿಡಕ್ಕೆ ಗರಗಸ ಹಾಕಲು ಕಾಕಾ ಒಪ್ಪಲು ಹದಿನೈದು ದಿನ ಬೇಕಾಯಿತು. ಮೊದಲ ದಿನ ಅವರು ತೋಟಕ್ಕೆ ಬರಲಿಲ್ಲ, ಮನೆಯಲ್ಲೇ ಕೂತಿದ್ದರು. ಆದರೆ ಜಿಗಿಹುಳುವಿಗೆ ನೆರಳು, ತಂಪು ಬೇಕು. ಬಿಸಿಲು ಒಳಗೆ ಬಿದ್ದ ಮರ ಅದಕ್ಕೆ ಇಷ್ಟವಾಗುವುದಿಲ್ಲ, ಎಣ್ಣಿಯೂ ತುದಿ ಮುಟ್ಟುತ್ತದೆ. ನೀಲಿ ನೀರಿನ ಪರೀಕ್ಷೆ ಮತ್ತೆ ಮಾಡಿದಾಗ ತುದಿಯ ಹಾಳೆ ನೀಲಿಯಾಗಿತ್ತು. ಅದನ್ನು ಕಾಕಾ ಮಡಿಚಿ ಜೇಬಿನಲ್ಲಿ ಇಟ್ಟುಕೊಂಡರು.

ನವೆಂಬರ್ ಕೊನೆಗೆ ಕಾಂಡದ ತೊಗಟೆ ಬಿರುಕುಗಳಲ್ಲಿ ಹುಳು ಅಡಗಿರುವುದನ್ನು ನೋಡಿ, ಇಬ್ಬನಿ ಬೀಳುವ ಸಂಜೆಗಳಲ್ಲಿ ಕಾಂಡ ಮತ್ತು ದಪ್ಪ ಕೊಂಬೆಗಳಿಗೆ, ಹುಳುವಿಗೆ ರೋಗ ತಂದು ಕೊಲ್ಲುವ ಮೆಟಾರೈಜಿಯಂ ಶಿಲೀಂಧ್ರ ಹೊಡೆದರು. ಗೊಂಚಲು ಹೊರಟು ಮರಿಹುಳು ಕಂಡ ಕೂಡಲೇ ಬುಪ್ರೊಫೆಝಿನ್ ಒಂದು ಸಲ. ಹೂವು ಪೂರ್ತಿ ಅರಳಿದಾಗ ಪಂಪಿಗೆ ಬೀಗ. ಮಾವಿಗೆ ಪರಾಗ ಹಚ್ಚುವುದು ನೊಣ, ಜೇನು. ಆ ಹೊತ್ತಲ್ಲಿ ವಿಷ ಹೊಡೆದರೆ ಕಾಯಿ ಕಟ್ಟಿಸುವವರನ್ನೇ ಕೊಂದ ಹಾಗೆ. ಕಾಯಿ ವಟಾಣಿ ಗಾತ್ರ ಬಂದಾಗ ಎಣಿಸಿ, ಗೊಂಚಲಿಗೆ 5 ದಾಟಿದ ಮರಗಳಿಗೆ ಮಾತ್ರ ಲ್ಯಾಂಬ್ಡಾ ಸೈಹಲೋಥ್ರಿನ್ ಒಂದು ಸಲ. 4ಎ ಗುಂಪು ಆ ವರ್ಷ ತೋಟಕ್ಕೇ ಬರಲಿಲ್ಲ. ಹಿಂದಿನ ವ್ಯಾಪಾರಿ 9 ಸಲ ಹೊಡೆದದ್ದು ಕಾಕಾಗೆ ನೆನಪಿತ್ತು. ಈ ಸಲ ಬೂದಿ ರೋಗಕ್ಕೆ ಹೊಡೆದ ಗಂಧಕ ಸೇರಿ 4. ಹಣ್ಣಿನ ನೊಣದ ಬಲೆಗಳನ್ನು ಮಾರ್ಚ್‌ನಲ್ಲೇ ಕಟ್ಟಿದೆವು.

ಮೂರನೇ ವರ್ಷ 4ಎಯನ್ನು ಒಂದು ಸಿಂಪಡಣೆಗೆ ಮಾತ್ರ ವಾಪಸ್ ತಂದೆವು. ಮುಂಚೆ ಪರದೆ ಚೀಲದ ಪರೀಕ್ಷೆ ಮಾಡಿದೆವು, 60ಕ್ಕೆ 19 ಬದುಕಿದ್ದವು. ಸುಧಾರಿಸಿದೆ, ಆದರೆ ಹಳೆಯ ಹರಿತ ಇನ್ನೂ ಬಂದಿಲ್ಲ. ಅದಕ್ಕೆ ಒಂದು ಕಾರಣ ಬದುವಿನ ಆಚೆ ಇದೆ. ಎರಡು ಪಕ್ಕದ ತೋಟಗಳಲ್ಲಿ ಒಬ್ಬರು ಕಾಕಾ ಮಾತು ಕೇಳಿ ಡಬ್ಬಿ ಓದಲು ಶುರು ಮಾಡಿದ್ದಾರೆ. ಇನ್ನೊಂದು ತೋಟ ಈಗಲೂ ಗುತ್ತಿಗೆಯಲ್ಲಿದೆ, ಅಲ್ಲಿ ವಾರಕ್ಕೊಮ್ಮೆ ಇಮಿಡಾಕ್ಲೋಪ್ರಿಡ್. ಹುಳುವಿಗೆ ಬದು ಗೊತ್ತಾಗುವುದಿಲ್ಲ, ಅಲ್ವಾ? ಒಂದು ತೋಟದಲ್ಲಿ ಎಷ್ಟು ಶಿಸ್ತು ಇಟ್ಟರೂ ಪಕ್ಕದ ಜರಡಿಯಲ್ಲಿ ಉಳಿದ ಹುಳು ಇಲ್ಲಿಗೇ ಬರುತ್ತದೆ. ಈ ಕೆಲಸವನ್ನು ಊರು ಸೇರಿ ಮಾಡಬೇಕು ಅಂತ ಹೇಳುವುದು ಸುಲಭ. ಆ ತೋಟದ ಮಾಲೀಕರು ಬೇರೆ ಊರಿನಲ್ಲಿದ್ದಾರೆ, ಎಣ್ಣಿ ಆರಿಸುವವನು ಪ್ರತಿ ವರ್ಷ ಬೇರೆ. ಯಾರ ಹತ್ತಿರ ಮಾತಾಡಬೇಕು ಅನ್ನುವುದೇ ಅಲ್ಲಿ ದೊಡ್ಡ ಪ್ರಶ್ನೆ.

ಕಾಕಾ ಈಗ ಪಂಪಿನ ಕೋಣೆಯ ಗೋಡೆಯ ಮೇಲೆ ಸೀಮೆಸುಣ್ಣದಲ್ಲಿ ಬರೆಯುತ್ತಾರೆ. ತಾರೀಖು, ಟೆಕ್ನಿಕಲ್ ಹೆಸರು, ಗುಂಪಿನ ಸಂಖ್ಯೆ, ಹೊಡೆಯುವ ಮುಂಚೆ ಎಷ್ಟು ಹುಳು, ಹತ್ತು ದಿನದ ಮೇಲೆ ಎಷ್ಟು. ಒಂದು ಸಂಖ್ಯೆ ಹಂಗಾಮಿನಲ್ಲಿ ಎರಡು ಸಲ ಬರಬಾರದು ಅಂತ ಮನೆಯಲ್ಲಿ ನಿಯಮ ಮಾಡಿದ್ದಾರೆ.

ಈ ಡಿಸೆಂಬರ್‌ನಲ್ಲಿ ಹೂವು ನೋಡಿ ಒಬ್ಬ ವ್ಯಾಪಾರಿ ಬಂದಿದ್ದ. ಹಿಂದಿನ ಯಾವ ವರ್ಷಕ್ಕಿಂತಲೂ ಜಾಸ್ತಿ ಮೊತ್ತ ಹೇಳಿದ. ಕಿರಿ ಮಗನ ಮದುವೆ ಹತ್ತಿರ ಇದೆ, ಮನೆಗೆ ದುಡ್ಡು ಬೇಕು. ಕಾಕಾ ಗುತ್ತಿಗೆಗೆ ಒಪ್ಪಿದ್ದಾರೆ, ಒಂದು ಶರತ್ತಿನ ಮೇಲೆ. ಹಣ್ಣು ಅವನದು, ಎಣ್ಣಿಯ ಖರ್ಚು ಅರ್ಧ ಅರ್ಧ, ಆದರೆ ಯಾವುದನ್ನು ಯಾವಾಗ ಹೊಡೆಯಬೇಕು ಅಂತ ಗೋಡೆ ನೋಡಿ ಕಾಕಾ ಹೇಳುತ್ತಾರೆ, ಪಂಪಿನ ಕೋಣೆಯ ಚಾವಿ ಅವರ ಹತ್ತಿರವೇ ಇರುತ್ತದೆ. ವ್ಯಾಪಾರಿ ವಿಚಾರ ಮಾಡಿ ಹೇಳ್ತೀನಿ ಅಂತ ಹೋಗಿದ್ದಾನೆ. ಇನ್ನೂ ಫೋನ್ ಬಂದಿಲ್ಲ. ಗೊಂಚಲುಗಳಲ್ಲಿ ಸದ್ಯಕ್ಕೆ ಸರಾಸರಿ 2 ಹುಳು.